ಗ್ರಾಫೀನೂ ವೇಗವಾಹನಗಳ ಬ್ಯಾಟರಿಯೂ

ಮಕ್ಕಳು ಬರೆಯುವ ಪೆನ್ಸಿಲನ್ನು ನಾವು ರೂಢಿಯಿಂದ ಸೀಸದ ಕಡ್ಡಿಯೆಂದು ಕರೆಯುತ್ತೇವೆ. ವಾಸ್ತವವಾಗಿ ಅದರಲ್ಲಿ ಸೀಸವಿಲ್ಲ. ಅದರೊಳಗಿನ ಕಪ್ಪು ವಸ್ತುವು ಜೇಡಿಮಣ್ಣಿನೊಡನೆ ಬೆರೆಸಿ ಸುಟ್ಟ ಗ್ರಾಫೈಟ್, ಎಂದರೆ ವಜ್ರದಂತೆಯೇ ಇಂಗಾಲದ ಒಂದು ರೂಪ. ಇಂಗಾಲದ ಪರಮಾಣುಗಳು ಷಟ್ಕೋಣಗಳಾಗಿ ಹೆಣೆದುಕೊಂಡು, ಜೇನುಗೂಡಿನ ಕಣ್ಣುಗಳಂತೆ ಹರಡಿದ ಹಾಳೆಗಳಾಗಿ ಅದರಲ್ಲಿ ಒಂದರ ಮೇಲೊಂದು ಒಟ್ಟಿರುತ್ತವೆ. ಒಂದೇ ಪರಮಾಣುವಿನಷ್ಟು ದಪ್ಪವುಳ್ಳ ಅಂತಹ ಒಂಟಿ ಹಾಳೆಗೆ ಗ್ರಾಫೀನ್ ಎಂದು ಹೆಸರು. 2004ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ ಎಂಬ ವಿಜ್ಞಾನಿಗಳು ಸಾಧಾರಣವಾದ ಅಂಟುಪಟ್ಟಿಯಿಂದ ಗ್ರಾಫೈಟನ್ನು ಪದರಪದರವಾಗಿ ಸುಲಿದು ಈ ಹಾಳೆಯನ್ನು ಬೇರ್ಪಡಿಸಿದರು. 2010ರಲ್ಲಿ ಅವರಿಗೆ ಭೌತಶಾಸ್ತ್ರದ ನೊಬೆಲ್ ಪಾರಿತೋಷಕವು ದೊರೆಯಿತು.

ವಿದ್ಯುದ್ವಾಹನಗಳಿಗೂ ಈ ಹಾಳೆಗೂ ಸಂಬಂಧವೇನೆಂದು ವಾಚಕರು ಕೇಳಬಹುದು. 1991ರಲ್ಲಿ ಜಪಾನಿನ ಸೋನಿ ಕಂಪನಿಯು ಮೊದಲು ಮಾರಾಟಕ್ಕೆ ತಂದ ಲಿಥಿಯಮ್ ಬ್ಯಾಟರಿಯ ಕ್ರಮವೇ ಇಂದಿನ ಮೋಟಾರುಗಳಲ್ಲಿಯೂ ಇದೆ. ಅದರ ಋಣಧ್ರುವವು ಬಹುಮಟ್ಟಿಗೆ ಗ್ರಾಫೈಟಿನದು. ವಿದ್ಯುತ್ತನ್ನು ತುಂಬುವಾಗ ಅಯಾನುಗಳೆಂಬ ಲಿಥಿಯಮ್ ಕಣಗಳು ಧನಧ್ರುವದಿಂದ ಹೊರಟು ಗ್ರಾಫೈಟಿನ ಹಾಳೆಗಳ ನಡುವೆ ಸೇರುತ್ತವೆ. ವಾಹನವು ಓಡುವಾಗ ಅಲ್ಲಿಂದ ಹಿಂದಿರುಗುತ್ತವೆ. ಆರು ಇಂಗಾಲದ ಪರಮಾಣುಗಳಿಗೆ ಒಂದು ಲಿಥಿಯಮ್ ಮಾತ್ರವೇ ಆಶ್ರಯ ಪಡೆಯಬಲ್ಲದು.

ಸಾಮಾನ್ಯ ವಾಹನಕ್ಕೆ ಈ ಹೋಗಿಬರುವಿಕೆಯು ನಿಧಾನವಾದರೂ ಸಾಕು, ವೇಗವಾಹನಕ್ಕೆ ಸಾಲದು. 2023ರ ಫೆಬ್ರವರಿ 11ರಂದು ಹೈದರಾಬಾದಿನ ಹುಸೇನ್ ಸಾಗರದ ಬಳಿ ಫಾರ್ಮುಲಾ ಇ ಎಂಬ ವಿದ್ಯುತ್ ಕಾರುಗಳ ಪಂದ್ಯವು ನಡೆಯಿತು. ಆ ಕಾರುಗಳು ಬ್ರೇಕು ಹಾಕುವಾಗ 600 ಕಿಲೋವಾಟ್‌ವರೆಗಿನ ಶಕ್ತಿಯನ್ನು ಬ್ಯಾಟರಿಗೆ ಮರಳಿ ತುಂಬಬಲ್ಲವು. ಒಂದೊಂದು ಕಿಲೋವಾಟಿನ 600 ಇಸ್ತ್ರಿಪೆಟ್ಟಿಗೆಗಳನ್ನು ಒಮ್ಮೆಗೇ ಕಾಯಿಸಲು ಅಷ್ಟು ಶಕ್ತಿಯು ಬೇಕು. ಬ್ಯಾಟರಿಯೊಳಗೆ ವಿದ್ಯುತ್ಪ್ರವಾಹಕ್ಕೆ ತಡೆಯಿದ್ದೇ ಇರುತ್ತದೆ. ಪ್ರವಾಹವು ಇಮ್ಮಡಿಯಾದರೆ ಆ ತಡೆಯಿಂದ ಹುಟ್ಟುವ ಶಾಖವು ನಾಲ್ಮಡಿಯಾಗುತ್ತದೆ. ಶಾಖವು ಮಿತಿಮೀರಿದರೆ ಬ್ಯಾಟರಿಯ ಆಯುಸ್ಸು ಕುಂದುವುದಲ್ಲದೆ ಬೆಂಕಿಯ ಭಯವೂ ಉಂಟು.

ಗ್ರಾಫೀನಿನ ಉಪಯೋಗವು ಇಲ್ಲಿಯೇ ಕಂಡುಬರುತ್ತದೆ. ಮೊದಲನೆಯದಾಗಿ, ಅದು ಧ್ರುವದ ಕಣಕಣಗಳ ನಡುವೆ ವಿದ್ಯುತ್ತಿಗೆ ಸುಗಮವಾದ ಮಾರ್ಗವನ್ನು ಕಲ್ಪಿಸಿ ತಡೆಯನ್ನು ತಗ್ಗಿಸುತ್ತದೆ. ಎರಡನೆಯದಾಗಿ, ಶುದ್ಧವಾದ ಹಾಳೆಯು ತಾಮ್ರಕ್ಕಿಂತ ಅನೇಕ ಪಾಲು ಚೆನ್ನಾಗಿ ಶಾಖವನ್ನು ಸಾಗಿಸುವುದರಿಂದ, ಒಂದೆಡೆ ಹುಟ್ಟಿದ ಬಿಸಿಯನ್ನು ಹರಡಲು ನೆರವಾಗುತ್ತದೆ. ಮೂರನೆಯದು ಇನ್ನೂ ಮುಖ್ಯ. ಸಿಲಿಕಾನ್ ಧಾತುವು ಅದೇ ತೂಕದ ಗ್ರಾಫೈಟಿಗಿಂತ ಸುಮಾರು ಹತ್ತು ಪಾಲು ಲಿಥಿಯಮನ್ನು ಹಿಡಿಯಬಲ್ಲದು. ಆದರೆ ಹಾಗೆ ಹಿಡಿದಾಗ ಮೂರು ನಾಲ್ಕು ಪಾಲು ಉಬ್ಬಿ ಬಿರುಕುಬಿಡುತ್ತದೆ. ಬಾಗುವ ಗುಣವುಳ್ಳ ಗ್ರಾಫೀನನ್ನು ಅದಕ್ಕೆ ಹೊದಿಸಿದರೆ ಪುಡಿಯಾದ ಕಣಗಳೂ ಸಂಬಂಧ ತಪ್ಪದೆ ಉಳಿಯುತ್ತವೆ. 2017ರಲ್ಲಿ ಸ್ಯಾಮ್‌ಸಂಗ್ ಸಂಸ್ಥೆಯ ಸಂಶೋಧಕರು ಗ್ರಾಫೀನಿನ ಸೂಕ್ಷ್ಮಗೋಳಗಳನ್ನು ಲೇಪಿಸಿ, ಬ್ಯಾಟರಿಯ ಧಾರಣಶಕ್ತಿಯು ಶೇಕಡ 45ರಷ್ಟು ಹೆಚ್ಚುವುದೆಂದೂ ಐದು ಪಾಲು ಬೇಗ ತುಂಬುವುದೆಂದೂ ಪ್ರಕಟಿಸಿದರು. ಇದು ಪ್ರಯೋಗಶಾಲೆಯ ಫಲವೆಂಬುದನ್ನು ಮರೆಯಬಾರದು.

ಇಷ್ಟೆಲ್ಲ ಗುಣಗಳಿದ್ದರೂ ಇಂತಹ ಬ್ಯಾಟರಿಯಲ್ಲಿ ಗ್ರಾಫೀನು ಸಹಾಯಕವೇ ಹೊರತು ಶಕ್ತಿಯ ಭಂಡಾರವಲ್ಲ. ಶಕ್ತಿಯನ್ನು ಹೊರುವುದು ಲಿಥಿಯಮ್ಮೇ. ಹಾಳೆಗಳು ಅಡ್ಡಲಾಗಿ ದಟ್ಟವಾಗಿ ಕವಿದರೆ ಅಯಾನುಗಳ ದಾರಿಗೇ ವಿಘ್ನವಾಗುತ್ತದೆ. ಅಲ್ಲದೆ ಶುದ್ಧವಾದ ಗ್ರಾಫೀನು ಸುಲಭವಾಗಿ ದೊರೆಯುವುದಿಲ್ಲ. ಸಿಂಗಾಪುರದ ರಾಷ್ಟ್ರೀಯ ವಿಶ್ವವಿದ್ಯಾನಿಲಯದವರು ಅರವತ್ತು ತಯಾರಕರ ಸರಕನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ವರದಿಯಂತೆ, ಬಹುಪಾಲು ಸರಕಿನಲ್ಲಿ ಗ್ರಾಫೀನು ನೂರಕ್ಕೆ ಹತ್ತು ಭಾಗವೂ ಇರಲಿಲ್ಲ. ಉಳಿದುದು ಬಹುಮಟ್ಟಿಗೆ ಗ್ರಾಫೈಟಿನ ಚೂರೇ ಆಗಿತ್ತು.

ಗೃಹಸ್ಥರು ಈ ವಿಷಯವನ್ನು ತಿಳಿದಿರಬೇಕಾದುದಕ್ಕೆ ಕಾರಣವುಂಟು. ಪಂದ್ಯದ ಕಾರನ್ನು ನಾವು ಕೊಳ್ಳುವವರಲ್ಲ. ಆದರೆ ಮನೆಗೊಂದು ವಿದ್ಯುತ್ ಸ್ಕೂಟರನ್ನು ಕೊಳ್ಳಬಹುದು. ಕೆಲವು ಅಗ್ಗದ ಸ್ಕೂಟರುಗಳಲ್ಲಿ ‘ಗ್ರಾಫೀನ್ ಬ್ಯಾಟರಿ’ ಎಂಬ ಹೆಸರಿನಿಂದ ಮಾರುವುದು, ಇಂಗಾಲವನ್ನು ಕೊಂಚ ಬೆರೆಸಿದ ಹಳೆಯ ಸೀಸ-ಆಮ್ಲದ ಬ್ಯಾಟರಿಯನ್ನೇ. ಸೀಸದ ಕಡ್ಡಿಯಲ್ಲಿ ಸೀಸವಿಲ್ಲ, ಈ ಗ್ರಾಫೀನ್ ಬ್ಯಾಟರಿಯಲ್ಲಿ ತುಂಬಿರುವುದು ಸೀಸ! ಅದೇ ತೂಕದ ಲಿಥಿಯಮ್ ಬ್ಯಾಟರಿಯು ಅದಕ್ಕಿಂತ ಮೂರು ನಾಲ್ಕು ಪಾಲು ಹೆಚ್ಚು ಶಕ್ತಿಯನ್ನು ಹಿಡಿಯುತ್ತದೆ. ಆದುದರಿಂದ ಅಂಗಡಿಯಲ್ಲಿ ಹೆಸರನ್ನು ಕೇಳಿ ಮರುಳಾಗದೆ, ಬ್ಯಾಟರಿಯು ಲಿಥಿಯಮಿನದೋ ಸೀಸದ್ದೋ, ಎಷ್ಟು ಕಿಲೋವಾಟ್-ಗಂಟೆ ಹಿಡಿಯುತ್ತದೆ, ತೂಕವೆಷ್ಟು, ಎಷ್ಟು ವರ್ಷದ ಗ್ಯಾರಂಟಿ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ರಸೀತಿಯಲ್ಲಿ ಬರೆಯಿಸಿಕೊಂಡ ಮೇಲೆಯೇ ಹಣವನ್ನು ಕೊಡುವುದು ಲೇಸು.