ಬೀದಿಯ ಮುಸುಕು, ಒಳಮನೆಯ ಗಾಳಿ

1918ನೆಯ ಇಸವಿಯ ನವೆಂಬರ್ 21ರ ನಡುಹಗಲು, ಗಡಿಯಾರವು ಹನ್ನೆರಡು ಹೊಡೆಯುತ್ತಲೇ, ಅಮೆರಿಕದ ಪಡುವಣ ಕರಾವಳಿಯ ಸಾನ್ ಫ್ರಾನ್ಸಿಸ್ಕೊ ನಗರದಲ್ಲಿ ಸೈರನ್ನುಗಳು ಕೂಗಿದುವು. ಮಹಾಯುದ್ಧವು ನಿಂತು ಹತ್ತು ದಿನಗಳಾಗಿದ್ದುದರಿಂದ ಆ ಕೂಗಿನಲ್ಲಿ ಶತ್ರುವಿನ ಭಯವೇನೂ ಇರಲಿಲ್ಲ. ಸುಮಾರು ನಾಲ್ಕು ವಾರಗಳಿಂದ ಮೂಗು ಬಾಯಿಗಳನ್ನು ಕಟ್ಟಿಕೊಂಡು ತಿರುಗುತ್ತಿದ್ದ ಪೌರರು ಇನ್ನು ಮುಖ ತೆರೆದು ನಡೆಯಬಹುದೆಂದು ನಗರವು ಕೊಟ್ಟ ಅನುಜ್ಞೆಯ ಧ್ವನಿ ಅದು. ಜನರು ನಿಂತ ನಿಂತಲ್ಲಿಯೇ ಮುಖಗವಸುಗಳನ್ನು ಕಿತ್ತು ಬೀದಿಗೆಸೆದರು. ಕಾಲುಹಾದಿಗಳೆಲ್ಲ ಜಾಳುಬಟ್ಟೆಯ ಚೂರುಗಳಿಂದ ತುಂಬಿಹೋದುವು. ಆದರೆ ಆ ಚೂರುಗಳೊಡನೆ ಕಲಹವು ಬೀದಿಪಾಲಾಗಲಿಲ್ಲ. ಒಂದು ಶತಮಾನವು ಉರುಳಿದ ಮೇಲೆ, 2020ರಲ್ಲಿ, ಅದೇ ಬಟ್ಟೆಯ ತುಂಡಿಗಾಗಿ ಪ್ಯಾರಿಸ್ಸಿನಿಂದ ಬೆಂಗಳೂರಿನವರೆಗೆ ಬೀದಿಬೀದಿಗಳಲ್ಲಿ ಮತ್ತೆ ವಾದಗಳೆದ್ದುವು. ತೆರೆದ ಬಯಲಿನಲ್ಲಿ, ಆಕಾಶದ ಕೆಳಗೆ, ಮನುಷ್ಯನು ಮುಖವನ್ನು ಮುಚ್ಚಿಕೊಳ್ಳಬೇಕೆ ಎಂಬ ಪ್ರಶ್ನೆ ಮೇಲುನೋಟಕ್ಕೆ ಅಲ್ಪವಾದುದು. ಆದರೂ ಅದು ಇಷ್ಟು ಕಾವನ್ನು ಏಕೆ ಹುಟ್ಟಿಸಿತೆಂಬುದನ್ನು ತಿಳಿಯಲು ಆ ಮೊದಲ ಜಗಳದ ವೃತ್ತಾಂತವನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಉಚಿತ.

ಇನ್‌ಫ್ಲುಯೆಂಜಾ ಮಾರಿಯು ಆ ನಗರವನ್ನು ಹೊಕ್ಕ ಕಾಲದಲ್ಲಿ ಅದರ ಮೂಲವಾದ ವೈರಾಣುವನ್ನು ಯಾರೂ ಕಂಡಿರಲಿಲ್ಲ. ಅದು ಪತ್ತೆಯಾದುದು 1933ರಲ್ಲಿ. ಲಸಿಕೆಯಿಲ್ಲ, ಔಷಧವಿಲ್ಲ, ಶವಪೆಟ್ಟಿಗೆಗಳಿಗೆ ಮಾತ್ರ ಬೇಡಿಕೆ ಏರುತ್ತಿದೆ ಎಂಬಂಥ ಸ್ಥಿತಿಯಲ್ಲಿ, ಆರೋಗ್ಯಾಧಿಕಾರಿ ಡಾಕ್ಟರ್ ವಿಲಿಯಂ ಹ್ಯಾಸ್ಲರ್ ಅವರ ಸಲಹೆಯಂತೆ, ನಗರದ ಆಡಳಿತಮಂಡಲಿಯು ಅಕ್ಟೋಬರ್ ತಿಂಗಳ ಕಡೆಯ ವಾರದಲ್ಲಿ ಒಂದು ಶಾಸನವನ್ನು ಮಾಡಿತು. ಮನೆಯಲ್ಲಿರುವಾಗ ಮತ್ತು ಊಟಮಾಡುವಾಗ ಹೊರತು, ಸಾರ್ವಜನಿಕ ಸ್ಥಳದಲ್ಲಿ ಕಾಣಿಸಿಕೊಳ್ಳುವ ಪ್ರತಿಯೊಬ್ಬನೂ ಮುಖಗವಸನ್ನು ಧರಿಸತಕ್ಕದ್ದು. ತಪ್ಪಿದರೆ 5ರಿಂದ 100 ಡಾಲರುಗಳ ದಂಡ, ಇಲ್ಲವೆ ಹತ್ತು ದಿನಗಳವರೆಗೆ ಸೆರೆವಾಸ. ರೆಡ್‌ಕ್ರಾಸ್ ಸಂಸ್ಥೆಯವರು ಮುಖಗವಸುಗಳನ್ನು ಹೊಲಿಸಿ ಹಂಚಿದರು. ಯುದ್ಧಕಾಲವಾದುದರಿಂದ, ರಣಕ್ಕೆ ಹೋಗದೆ ನುಣುಚಿಕೊಳ್ಳುವವರನ್ನು ಹಳಿಯಲು ಆ ದೇಶದಲ್ಲಿ ಬಳಕೆಯಲ್ಲಿದ್ದ ‘ಸ್ಲ್ಯಾಕರ್’ ಎಂಬ ಪದವೇ ಬರಿಮುಖದವರಿಗೂ ಅಂಟಿತು. ‘ಮಾಸ್ಕ್ ಸ್ಲ್ಯಾಕರ್’ ಎಂದರೆ ಬಟ್ಟೆ ಕಟ್ಟಿಕೊಳ್ಳದವನೆಂದಷ್ಟೇ ಅರ್ಥವಾಗಿರದೆ, ದೇಶದ್ರೋಹಿಯ ದಾಯಾದಿ ಎಂಬ ಧ್ವನಿಯೂ ಅದರಲ್ಲಿದ್ದಿತು. ನೂರಾರು ಮಂದಿಯನ್ನು ಪೊಲೀಸರು ಹಿಡಿದರು. ಲಾಳ ಕಟ್ಟುವ ಕಸುಬಿನವನೊಬ್ಬನು ಅಂಗಡಿಯೊಂದರ ಮುಂದೆ ನಿಂತು ಮುಖಗವಸುಗಳನ್ನು ಬಿಸಾಡಿರೆಂದು ಜನರಿಗೆ ಕೂಗಿ ಹೇಳುತ್ತಿದ್ದಾಗ ಆರೋಗ್ಯ ಇಲಾಖೆಯ ಅಧಿಕಾರಿಯೊಬ್ಬನೊಡನೆ ಕೈಕೈ ಹತ್ತಿ, ಅಧಿಕಾರಿಯ ಗುಂಡಿಗೆ ಅವನೂ ದಾರಿಹೋಕರಿಬ್ಬರೂ ಗಾಯಗೊಂಡರು. ರೋಗವನ್ನು ತಡೆಯಬಂದ ಶಾಸನವು ಹೀಗೆ ರಕ್ತವನ್ನೂ ಕಂಡಿತು.

ಈ ವೃತ್ತಾಂತದಲ್ಲಿ ನನ್ನ ಮನಸ್ಸನ್ನು ವಿಶೇಷವಾಗಿ ಹಿಡಿದು ನಿಲ್ಲಿಸುವ ಸಂಗತಿಗಳು ಎರಡು. ಒಳಗಿನ ಗಾಳಿಗೆ ಹೆದರಿದ ಅದೇ ನಗರವು ಆಗ ತನ್ನ ಪೊಲೀಸ್ ನ್ಯಾಯಾಲಯವನ್ನು ಪೋರ್ಟ್ಸ್‌ಮತ್ ಚೌಕದ ಬಯಲಿಗೆ ತಂದು ನಡೆಸಿತು. ಭಕ್ತರು ಇಗರ್ಜಿಯೊಳಗೆ ಸೇರದೆ ಹೊರಗಣ ಮೆಟ್ಟಿಲುಗಳ ಮೇಲೆಯೇ ಮೊಣಕಾಲೂರಿ ಪ್ರಾರ್ಥಿಸಿದರು. ಮುಚ್ಚಿದ ಕೋಣೆಗಿಂತ ಬಯಲು ಲೇಸೆಂಬ ವಿವೇಕವು ಜನಕ್ಕೂ ಆಳುವವರಿಗೂ ಇದ್ದೇ ಇದ್ದಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯವೇಕೆ? ಎರಡನೆಯದು ಇದಕ್ಕೆ ತದ್ವಿರುದ್ಧವಾದುದು. ಶಾಸನವು ಜಾರಿಯಲ್ಲಿದ್ದಾಗಲೇ ಬಾಕ್ಸಿಂಗ್ ಪಂದ್ಯವೊಂದು ನಡೆಯಿತು. ಅಲ್ಲಿ ತೆಗೆದ ಛಾಯಾಚಿತ್ರದಲ್ಲಿ ನಗರದ ಗಣ್ಯರನೇಕರು ಬರಿಮುಖದಿಂದ ಕುಳಿತಿದ್ದರು. ಮೇಯರ್ ಜೇಮ್ಸ್ ರಾಲ್ಫ್ ಅವರೂ ಅವರ ನಡುವೆ ಇದ್ದರು. ಶಾಸನಕ್ಕೆ ಮೂಲಪುರುಷರಾದ ಹ್ಯಾಸ್ಲರ್ ಅವರೂ ಇದ್ದರು. ಇಬ್ಬರೂ ದಂಡ ತೆತ್ತರು. ಬೀದಿಯ ಗಾಳಿಯಲ್ಲಿ ಬಟ್ಟೆ ಕಟ್ಟಿಕೊಂಡು ಬಂದವರು, ಸಾವಿರಾರು ಜನ ಭುಜಕ್ಕೆ ಭುಜ ತಾಗಿಸಿ ಕೂಗುವ ಕಡೆಗೆ ಬಂದೊಡನೆ ಅದನ್ನು ಬಿಚ್ಚಿದ್ದರು! ಇದನ್ನು ಆಷಾಢಭೂತಿತನವೆಂದು ಬೈದು ಸುಮ್ಮನಾಗಬಹುದು. ಆದರೆ ಮನುಷ್ಯಸ್ವಭಾವದ ಒಂದು ಸಾಮಾನ್ಯ ಲಕ್ಷಣವೇ ಇಲ್ಲಿ ಬೆಳಕಿಗೆ ಬಂದಿದೆಯೆಂದು ನನಗೆ ತೋರುತ್ತದೆ. ಅಪರಿಚಿತರ ನಡುವೆ ನಮಗೆ ರೋಗದ ನೆನಪು. ಗೆಳೆಯರ ನಡುವೆ ಅದರ ಮರೆವು.

ನವೆಂಬರಿನಲ್ಲಿ ಬಿಚ್ಚಿದ ಬಟ್ಟೆಯನ್ನು ಮತ್ತೆ ಕಟ್ಟಬೇಕಾಗಿ ಬಂದಿತು. ಡಿಸೆಂಬರಿನಲ್ಲಿ ರೋಗವು ಪುನಃ ತಲೆಯೆತ್ತಿತು. ಹ್ಯಾಸ್ಲರ್ ಅವರಿಗೆ ಅದೇ ತಿಂಗಳಲ್ಲಿ ಯಾರೋ ಬಾಂಬಿನ ಪೊಟ್ಟಣವೊಂದನ್ನು ಕಳುಹಿಸಿದರು. 1919ರ ಜನವರಿಯಲ್ಲಿ ಶಾಸನವು ಮರಳಿ ಜಾರಿಗೆ ಬಂದಿತು. ಈ ಸಲ ಅಸಮಾಧಾನವು ಒಂದು ಸಂಘದ ರೂಪವನ್ನೇ ತಾಳಿತು. ಹ್ಯಾರಿಂಗ್‌ಟನ್ ಎಂಬ ಮಹಿಳೆಯ ಅಧ್ಯಕ್ಷತೆಯಲ್ಲಿ ‘ಆ್ಯಂಟಿ ಮಾಸ್ಕ್ ಲೀಗ್’ ಹುಟ್ಟಿ, ಜನವರಿ 25ರಂದು ಡ್ರೀಮ್‌ಲ್ಯಾಂಡ್ ಎಂಬ ವಿಹಾರಾಂಗಣದಲ್ಲಿ ಸಾವಿರಾರು ಜನರ ಸಭೆ ಸೇರಿತು. ಬಟ್ಟೆಯಿಂದ ರೋಗ ತಡೆಯುವುದೆಂಬುದಕ್ಕೆ ಪ್ರಮಾಣವಿಲ್ಲ, ಸ್ವತಂತ್ರ ಪ್ರಜೆಯ ಮುಖದ ಮೇಲೆ ಸರ್ಕಾರಕ್ಕೆ ಅಧಿಕಾರವಿಲ್ಲ ಎಂಬ ಎರಡು ವಾದಗಳು ಅಲ್ಲಿ ಒಂದರೊಡನೊಂದು ಹೆಣೆದುಕೊಂಡುವು. ಮೊದಲನೆಯದು ಪರೀಕ್ಷೆಯಿಂದ ತೀರಬೇಕಾದ ಪ್ರಶ್ನೆ. ಎರಡನೆಯದು ಸಮ್ಮತಿಯಿಂದ ತೀರಬೇಕಾದುದು. ಇವೆರಡನ್ನೂ ಕಲಸಿ ಒಂದೇ ಪಾತ್ರೆಯಲ್ಲಿ ಬೇಯಿಸಿದುದರಿಂದಲೇ ಅಂದಿನಿಂದ ಇಂದಿನವರೆಗೆ ಈ ವಾದವು ಹದಕ್ಕೆ ಬಂದಿಲ್ಲ. ಫೆಬ್ರವರಿ 1ರಂದು ಶಾಸನವನ್ನು ಹಿಂತೆಗೆದುಕೊಂಡರು. ಅಷ್ಟರಲ್ಲಿ ಆ ನಗರದಲ್ಲಿ ಮೂರು ಸಾವಿರದಷ್ಟು ಜನ ತೀರಿಕೊಂಡಿದ್ದರು.

ಅದಿರಲಿ, ಈ ಬಟ್ಟೆಯು ಬೀದಿಗೆ ಬಂದುದಾದರೂ ಎಲ್ಲಿಂದ? ಅದರ ಹುಟ್ಟು ರೋಗಿಯ ಹಾಸಿಗೆಯ ಪಕ್ಕದಲ್ಲಿ. 1910ರ ಕೊನೆಯಲ್ಲಿ ಚೀನದ ಈಶಾನ್ಯ ಮೂಲೆಯ ಮಂಚೂರಿಯಾದಲ್ಲಿ ಶ್ವಾಸಕೋಶದ ಪ್ಲೇಗು ಎದ್ದಾಗ, ಪಿನಾಂಗಿನಲ್ಲಿ ಹುಟ್ಟಿ ಕೇಂಬ್ರಿಡ್ಜಿನಲ್ಲಿ ಓದಿದ ವೂ ಲಿಯೆನ್ ತೆ ಎಂಬ ತರುಣ ವೈದ್ಯರನ್ನು ಅಲ್ಲಿನ ಹಾರ್ಬಿನ್ ನಗರಕ್ಕೆ ಕಳುಹಿಸಲಾಯಿತು. ರೋಗವು ಇಲಿ ಚಿಗಟಗಳಿಂದಲ್ಲದೆ ಮನುಷ್ಯನ ಉಸಿರಿನಿಂದಲೇ ಮನುಷ್ಯನಿಗೆ ಹಾಯುತ್ತಿದೆಯೆಂದು ಅವರು ಕಂಡುಕೊಂಡು, ಹತ್ತಿಯನ್ನು ಜಾಳುಬಟ್ಟೆಯ ನಡುವೆ ಇಟ್ಟು ಹಲವು ಪದರಗಳ ಮುಖಗವಸನ್ನು ಮಾಡಿಸಿದರು. ಈ ಮಾತನ್ನು ಒಪ್ಪದ ಫ್ರೆಂಚ್ ವೈದ್ಯ ಮೆಸ್ನಿ ಮುಖ ಮುಚ್ಚದೆಯೇ ರೋಗಿಗಳ ನಡುವೆ ಹೋಗಿ ಕೆಲವೇ ದಿನಗಳಲ್ಲಿ ಅದೇ ರೋಗಕ್ಕೆ ಬಲಿಯಾದರು. ಸುಮಾರು 60,000 ಜನರನ್ನು ಕೊಂದು ಆ ಮಾರಿಯು ಅಡಗಿತು; ಮುಖಗವಸಿನ ಕೀರ್ತಿ ಲೋಕಕ್ಕೆಲ್ಲ ಹರಡಿತು. ಆದರೆ ಆ ಕೀರ್ತಿ ಸಂಪಾದನೆಯಾದದ್ದು ಗಾಳಿಯಾಡದ ಕೋಣೆಯಲ್ಲಿ, ಕೆಮ್ಮುವವನ ಎದುರಿಗೆ. ಎಂಟು ವರ್ಷಗಳಲ್ಲಿ ಅದೇ ಬಟ್ಟೆಯು ಪದರಗಳನ್ನು ಕಳೆದುಕೊಂಡು, ಹಾಸಿಗೆಯ ಪಕ್ಕದಿಂದ ಹೆದ್ದಾರಿಗೆ ಬಂದಿತು. ಕೀರ್ತಿಯೂ ಅದರೊಡನೆ ಬಂದಿತು, ಆದರೆ ಕಾರ್ಯಸಾಮರ್ಥ್ಯವು ಅಷ್ಟೇ ಬಂದಿತೆಂದು ಹೇಳಲಾಗದು. ಕ್ಯಾಲಿಫೋರ್ನಿಯದ ಆರೋಗ್ಯಮಂಡಲಿಯ ವಿಲ್‌ಫ್ರೆಡ್ ಕೆಲಾಗ್ ಆಮೇಲೆ ಪ್ರಯೋಗಗಳನ್ನು ನಡೆಸಿ ಕಂಡುಕೊಂಡುದು ಇಷ್ಟೆ: ಜಾಳುಬಟ್ಟೆಯನ್ನು ಉಪಯುಕ್ತವಾಗುವಷ್ಟು ದಟ್ಟಮಾಡಿದರೆ ಉಸಿರಾಟ ಕಷ್ಟವಾಗುತ್ತದೆ, ಗಾಳಿಯು ಅಂಚುಗಳಿಂದ ನುಸುಳುತ್ತದೆ, ಎಲ್ಲರಿಗೂ ಕಡ್ಡಾಯಮಾಡುವುದಕ್ಕೆ ತಕ್ಕಷ್ಟು ಗುಣವು ಅದರಲ್ಲಿಲ್ಲ.

ನೂರು ವರ್ಷಗಳ ತರುವಾಯ ಬಂದ ಕೋವಿಡ್ ಕಾಲದಲ್ಲಿ ನಮ್ಮ ಜ್ಞಾನವು ಹೆಚ್ಚಿದ್ದಿತು, ಬಟ್ಟೆಯೂ ಉತ್ತಮವಾಗಿದ್ದಿತು. ಮಾತನಾಡುವಾಗ, ಕೂಗುವಾಗ, ಹಾಡುವಾಗ ಬಾಯಿಯಿಂದ ಹೊರಡುವ ಎಂಜಲಿನ ಹನಿಗಳಲ್ಲಿ ದಪ್ಪನೆಯವು ಬೇಗನೆ ನೆಲಕ್ಕೆ ಬೀಳುವುವು; ಕಣ್ಣಿಗೆ ಕಾಣದ ಸೂಕ್ಷ್ಮಕಣಗಳು ಗಾಳಿಯಲ್ಲಿ ತೇಲುವುವು. ದೇವರಮನೆಯ ಬಾಗಿಲು ಹಾಕಿಕೊಂಡು ಹಚ್ಚಿದ ಊದುಬತ್ತಿಯ ಹೊಗೆಯು ಬಹಳ ಹೊತ್ತು ಅಲ್ಲಿಯೇ ಸುತ್ತುತ್ತಿದ್ದು, ಅದೇ ಬತ್ತಿಯನ್ನು ಅಂಗಳದ ತುಳಸಿಕಟ್ಟೆಗೆ ಹಚ್ಚಿದರೆ ಒಂದು ಮಾರು ಹೋಗುವಷ್ಟರಲ್ಲಿ ಕರಗಿಹೋಗುವುದನ್ನು ಕಂಡವರಿಗೆ, ಒಳಗಿಗೂ ಹೊರಗಿಗೂ ಇರುವ ಅಂತರವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಲೆಕ್ಕಗಳೂ ಇದನ್ನೇ ಹೇಳಿದುವು. ಚೀನದಲ್ಲಿ ಮೊದಲ ತಿಂಗಳುಗಳ 7,324 ಪ್ರಕರಣಗಳನ್ನು ಪರಿಶೀಲಿಸಿದ ಸಂಶೋಧಕರಿಗೆ ಬಯಲಿನಲ್ಲಿ ರೋಗ ಹರಡಿದ ಒಂದೇ ಒಂದು ನಿದರ್ಶನ ದೊರೆಯಿತು. ಐರ್ಲೆಂಡಿನಲ್ಲಿ 2021ರ ವಸಂತದ ವೇಳೆಗೆ ದಾಖಲಾದ 2,32,164 ಪ್ರಕರಣಗಳಲ್ಲಿ ಬಯಲಿಗೆ ಸಂಬಂಧಿಸಿದವು 262, ಅಂದರೆ ಸಾವಿರಕ್ಕೆ ಒಂದು. ಬಯಲಿನ ಸೋಂಕನ್ನು ಪತ್ತೆಮಾಡುವುದು ಕಷ್ಟವಾದುದರಿಂದ ಈ ಅಂಕಿಗಳು ವಾಸ್ತವಕ್ಕಿಂತ ಕೆಲಮಟ್ಟಿಗೆ ಕಡಿಮೆಯಿರಬಹುದು. ಆದರೂ ಮುಚ್ಚಿದ ಕೋಣೆಯೇ ರೋಗದ ತವರುಮನೆ ಎಂಬುದರಲ್ಲಿ ಸಂದೇಹಕ್ಕೆ ಎಡೆಯುಳಿಯಲಿಲ್ಲ.

ಹೀಗಿದ್ದರೂ ರಾಜಾಜ್ಞೆಗಳು ಬೀದಿಯನ್ನೇ ಹಿಡಿದುವು. 2020ರ ಆಗಸ್ಟ್ ಕೊನೆಯಲ್ಲಿ ಪ್ಯಾರಿಸ್ ನಗರದ ಎಲ್ಲ ಬೀದಿಗಳಲ್ಲಿಯೂ ಮುಖಗವಸು ಕಡ್ಡಾಯವಾಯಿತು. ಆ ನಿಯಮ ತೊಲಗಿದುದು ಮರುವರ್ಷದ ಜೂನ್ ತಿಂಗಳಲ್ಲಿ. ಸ್ಪೇನ್ ದೇಶವಂತೂ 2021ರ ಡಿಸೆಂಬರಿನಲ್ಲಿ, ಒಮ್ಮೆ ಸಡಿಲಿಸಿದ್ದ ಬಯಲಿನ ನಿಯಮವನ್ನು ಮತ್ತೆ ಬಿಗಿಮಾಡಿತು. ಅಲ್ಲಿಯ ಜನ ಬೀದಿಯಲ್ಲಿ ಮುಖ ಮುಚ್ಚಿಕೊಂಡು ನಡೆದು, ಹೋಟೆಲಿನೊಳಗೆ ಕುಳಿತು, ಬಿಚ್ಚಿ, ಉಂಡು, ಪುನಃ ಕಟ್ಟಿಕೊಂಡು ಹೊರಬಂದರು. 1918ರ ಶಾಸನದ ಊಟದ ವಿನಾಯಿತಿಯು ಒಂದಕ್ಷರವೂ ಮಾಸದೆ ಶತಮಾನವನ್ನು ದಾಟಿ ಬಂದಿದ್ದಿತು!

ನಮ್ಮಲ್ಲಿ ನಡೆದುದು ಇದರಿಂದ ಬೇರೆಯಲ್ಲ. 2020ರ ಅಕ್ಟೋಬರ್ ಆರಂಭದಲ್ಲಿ ಕರ್ನಾಟಕ ಸರ್ಕಾರವು ಮಾಸ್ಕ್ ಧರಿಸದವರ ದಂಡವನ್ನು ನಗರಗಳಲ್ಲಿ 1,000 ರೂಪಾಯಿಗಳಿಗೆ ಏರಿಸಿ, ಜನರ ಆಕ್ಷೇಪವನ್ನು ಕೇಳಿ, ಕೆಲವೇ ದಿನಗಳಲ್ಲಿ 250ಕ್ಕೆ ಇಳಿಸಿತು. ಬೆಂಗಳೂರಿನ ವೃತ್ತಗಳಲ್ಲಿ ಮಾರ್ಷಲ್‌ಗಳು ರಸೀತಿಪುಸ್ತಕ ಹಿಡಿದು ನಿಂತರು. ಅವರು ಕಣ್ಣಿಗೆ ಬೀಳುತ್ತಲೇ ಗದ್ದದ ಮೇಲಿದ್ದ ಬಟ್ಟೆಯು ಮೂಗಿಗೇರುವುದೂ, ವೃತ್ತ ದಾಟುತ್ತಲೇ ಅದು ಗದ್ದಕ್ಕಿಳಿಯುವುದೂ ನಿತ್ಯದ ನೋಟವಾಯಿತು. ಕಾರಿನಲ್ಲಿ ಒಬ್ಬನೇ ಹೋಗುವವನ ವಿಷಯವಂತೂ ನ್ಯಾಯಸ್ಥಾನದ ಮೆಟ್ಟಿಲನ್ನೇ ಹತ್ತಿತು: ಒಂಟಿಯಾಗಿ ಕಾರು ನಡೆಸುವವನೂ ಮಾಸ್ಕ್ ಧರಿಸತಕ್ಕದ್ದೆಂದು ದೆಹಲಿಯ ಉಚ್ಚ ನ್ಯಾಯಾಲಯವು 2021ರ ಏಪ್ರಿಲ್‌ನಲ್ಲಿ ತೀರ್ಪಿತ್ತು, ಅದನ್ನು ‘ಸುರಕ್ಷಾ ಕವಚ’ವೆಂದು ಬಣ್ಣಿಸಿತು, ವರ್ಷ ತುಂಬುವುದಕ್ಕೆ ಮೊದಲೇ, 2022ರ ಫೆಬ್ರವರಿಯಲ್ಲಿ, ಆ ನಿಯಮವು ಅಸಂಬದ್ಧವಾದುದು, ಇನ್ನೂ ಏಕೆ ಉಳಿದಿದೆಯೆಂದು ಅದೇ ನ್ಯಾಯಾಲಯವು ಕೇಳಿತು, ದೆಹಲಿಯ ಸರ್ಕಾರವು ಅದನ್ನು ಕೈಬಿಟ್ಟಿತು.

ಇಷ್ಟನ್ನು ಹೇಳಿದ ಮೇಲೆ ಎದುರು ಪಕ್ಷದ ಮಾತನ್ನೂ ಆಲಿಸುವುದು ನ್ಯಾಯ. ಅದು ಹುರುಳಿಲ್ಲದ ಮಾತಲ್ಲ. ಬಯಲೆಂಬುದೆಲ್ಲ ಬಯಲಲ್ಲ: ಹಬ್ಬದ ಹಿಂದಿನ ದಿನ ಕೃಷ್ಣರಾಜೇಂದ್ರ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ನಿಂತವನಿಗೆ ತಲೆಯ ಮೇಲೆ ಆಕಾಶವಿದ್ದರೂ, ಮೂಗಿನ ಮುಂದೆ ಇರುವುದು ಮತ್ತೊಬ್ಬನ ಉಸಿರು. ಇಲ್ಲಿ ಕಟ್ಟು, ಅಲ್ಲಿ ಬಿಚ್ಚು ಎಂಬ ನಿಯಮಕ್ಕಿಂತ ಮನೆಯ ಹೊಸ್ತಿಲು ದಾಟಿದರೆ ಕಟ್ಟು ಎಂಬ ನಿಯಮವು ನೆನಪಿನಲ್ಲಿ ನಿಲ್ಲುವುದು ಸುಲಭ. ಬಟ್ಟೆಯಿಂದ ಪ್ರಯೋಜನವೇ ಇಲ್ಲವೆಂಬ ಮಾತೂ ನಿಲ್ಲದು. 2020ರ ಕೊನೆಯಿಂದ 2021ರ ಏಪ್ರಿಲ್‌ವರೆಗೆ ಬಾಂಗ್ಲಾದೇಶದ 600 ಹಳ್ಳಿಗಳಲ್ಲಿ ನಡೆದ ದೊಡ್ಡ ಪ್ರಯೋಗವೊಂದರಲ್ಲಿ, ಮಾಸ್ಕ್‌ಗಳನ್ನು ಉಚಿತವಾಗಿ ಮನೆಮನೆಗೆ ಕೊಟ್ಟು, ಊರ ಮುಖಂಡರಿಂದಲೂ ಮಸೀದಿಯ ಇಮಾಮರಿಂದಲೂ ಹೇಳಿಸಿ, ಮರೆತವರಿಗೆ ನಯವಾಗಿ ನೆನಪಿಸಿದುದರಿಂದ ಧರಿಸುವವರ ಪ್ರಮಾಣ ಶೇಕಡಾ 13ರಿಂದ 42ಕ್ಕೆ ಏರಿತು. ಲಕ್ಷಣಸಹಿತವಾದ ಸೋಂಕು ಶೇಕಡಾ 9ರಷ್ಟು ತಗ್ಗಿತು. ಈ ಫಲವು ದೊಡ್ಡದೂ ಅಲ್ಲ, ಶೂನ್ಯವೂ ಅಲ್ಲ. ಅದು ದೊರೆತುದು ದಂಡದ ರಸೀತಿಯಿಲ್ಲದೆ ಎಂಬುದು ಗಮನಾರ್ಹ.

ಹಾಗಾದರೆ ಎಡವಿದುದೆಲ್ಲಿ? ಆಳುವವನ ಕಣ್ಣಿಗೆ ಬೀದಿಯು ಕಾಣುತ್ತದೆ, ಒಳಮನೆ ಕಾಣುವುದಿಲ್ಲ. ಆದುದರಿಂದ ಅವನ ಕೈಯು ಕಣ್ಣು ಹೋದಲ್ಲಿಗೆ ಹೋಯಿತು. ಪೊಲೀಸಿನವನಿಗೆ ದೂರದಿಂದಲೇ ಗೋಚರಿಸುವ ತಪ್ಪೆಂದರೆ ಬರಿಮುಖ. ಕಛೇರಿಯ ಕಿಟಕಿ ಮುಚ್ಚಿರುವುದು, ಮದುವೆಯ ಛತ್ರದಲ್ಲಿ ಪಂಕ್ತಿಯ ಹಿಂದೆ ಪಂಕ್ತಿ ಕುಳಿತಿರುವುದು, ಗಾಜಿನ ಕೋಣೆಯಲ್ಲಿ ಒಂದೇ ತಂಪುಗಾಳಿಯನ್ನು ಇಪ್ಪತ್ತು ಜನ ದಿನವಿಡೀ ಉಸಿರಾಡುವುದು ಅವನಿಗೆ ಗೋಚರಿಸುವಂಥದಲ್ಲ. ಕಾಣುವ ಕುರುಹಿಗೆ ಕಾವಲಿಟ್ಟು ಕಾಣದ ಕಾರಣವನ್ನು ಬಿಟ್ಟುದರಿಂದ, ಬಟ್ಟೆಯು ಕ್ರಮೇಣ ಮದ್ದಿನ ಸ್ಥಾನದಿಂದ ಜಾರಿ ಮುದ್ರೆಯ ಸ್ಥಾನಕ್ಕೆ ಬಂದಿತು. ಕಟ್ಟಿದವನು ತಾನು ಸತ್ಪೌರನೆಂದು ಬೀಗಿದನು. ಬಿಚ್ಚಿದವನು ತಾನು ಸ್ವತಂತ್ರನೆಂದು ಬೀಗಿದನು. ಇಬ್ಬರೂ ಜಗಳ ಮುಗಿಸಿ ಒಂದೇ ಹೋಟೆಲಿನೊಳಗೆ ಹೊಕ್ಕು ಎದುರುಬದುರಾಗಿ ಕುಳಿತು ಕಾಫಿ ಕುಡಿದರು. ನಿರ್ಜನವಾದ ಕೆರೆಯ ಏರಿಯ ಮೇಲೆ ಬರಿಮುಖದಿಂದ ಅಡ್ಡಾಡುವವನಿಗೆ ದಂಡ ಹಾಕಿದ ಅಧಿಕಾರಕ್ಕೆ, ಉಸಿರುಕಟ್ಟುವ ಬಸ್ಸಿನೊಳಗೆ ಕಟ್ಟಿಕೊಳ್ಳೆಂದು ಹೇಳುವಾಗ ಬೇಕಾದ ನಂಬಿಕೆಯು ಉಳಿಯುವುದಾದರೂ ಹೇಗೆ?

ಮಾಸ್ಕ್ ಎಲ್ಲಿ ಎಂದು ಕೇಳುವ ಅಧಿಕಾರಿಗಳನ್ನು ಆ ಎರಡು ವರ್ಷಗಳಲ್ಲಿ ಬೇಕಾದಷ್ಟು ಕಂಡೆವು. ಕಿಟಕಿ ಏಕೆ ಹಾಕಿದೆ ಎಂದು ಕೇಳಿದವರನ್ನು ನಾನಂತೂ ಕಾಣೆ. ಆ ಪ್ರಶ್ನೆಯನ್ನು ಕೇಳದೆಯೇ ಉತ್ತರವನ್ನು ನಡೆಸಿ ತೋರಿಸಿದವರು, ವೈರಾಣುವಿನ ಹೆಸರನ್ನೂ ಅರಿಯದ ಕಾಲದಲ್ಲಿ, ಪೋರ್ಟ್ಸ್‌ಮತ್ ಚೌಕದ ಆ ನ್ಯಾಯಾಧೀಶರು: ಕಛೇರಿಯ ಬಾಗಿಲು ಮುಚ್ಚಿಸಿ, ಮೇಜನ್ನೂ ಕುರ್ಚಿಯನ್ನೂ ಹೊರಕ್ಕೆ ತರಿಸಿ, ಗಾಳಿಯು ಕಾಗದಗಳನ್ನು ಹಾರಿಸದಂತೆ ಕೈಯೊತ್ತಿ ಹಿಡಿದುಕೊಂಡು, ಎದುರಿಗೆ ಬಂದು ನಿಂತವರ ಅಹವಾಲನ್ನು ಅವರು ಆಕಾಶದ ಕೆಳಗೆ ಕೇಳಿರಬೇಕು.