ಬಿಳಿನೊಣದ ನಿರೋಧಕ ಶಕ್ತಿ: ವರ್ತಕರ ಹೊಣೆ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಹಾಗೂ ಹೆಗ್ಗಡದೇವನಕೋಟೆ ತಾಲ್ಲೂಕುಗಳ ವಹಿವಾಟಿಗೆ ವರ್ಜೀನಿಯಾ ತಂಬಾಕು ಮುಖ್ಯ ಆಧಾರವಾಗಿದೆ. ಎನ್. ಬೇಗೂರು ಸೇರಿದಂತೆ ಕೋಟೆ ಸೀಮೆಯಲ್ಲಿ ಹತ್ತಿಯೂ ಪ್ರಮುಖ ಬೆಳೆ. ಈ ಎರಡೂ ಬೆಳೆಗಳಿಗೆ ಸಮಾನ ಶತ್ರು ಬಿಳಿನೊಣ. ತಂಬಾಕಿನಲ್ಲಿ ಅದು ಎಲೆಮುಟುರು ರೋಗದ ನಂಜಾಣುವನ್ನು ಗಿಡದಿಂದ ಗಿಡಕ್ಕೆ ಒಯ್ಯುತ್ತದೆ. ಹತ್ತಿಯಲ್ಲಿ ರಸ ಹೀರಿ ಸಿಹಿಯಾದ ಅಂಟನ್ನು ಸುರಿಸುತ್ತದೆ. ಅಂಟು ತಗುಲಿದ ಅರಳೆ ನೂಲಿನ ಗಿರಣಿಯ ರೋಲರುಗಳಿಗೆ ಹತ್ತಿಕೊಳ್ಳುವುದರಿಂದ ಅದಕ್ಕೆ ಬೆಲೆ ಕಡಿಮೆ.

ಔಷಧಿ ಸಿಂಪಡಿಸಿದರೂ ನೊಣ ಸಾಯದಿದ್ದಾಗ ಮಾಲು ಕಳಪೆಯೆಂಬ ದೂರು ಅಂಗಡಿಗೆ ಬರುವುದು ಸಹಜ. ಮಾಲು ಅಸಲಿಯಾಗಿದ್ದರೂ ಹೀಗಾಗಬಹುದು. ಬೆಚ್ಚನೆಯ ಹವೆಯಲ್ಲಿ ಬಿಳಿನೊಣದ ಒಂದು ಪೀಳಿಗೆ ಸುಮಾರು ಮೂರು ವಾರಗಳಲ್ಲಿ ಮುಗಿಯುತ್ತದೆ. ಒಂದೇ ವಿಷವನ್ನು ಮತ್ತೆ ಮತ್ತೆ ಸಿಂಪಡಿಸಿದಾಗ ಅದನ್ನು ದೇಹದಲ್ಲಿ ಒಡೆದು ಅರಗಿಸಿಕೊಳ್ಳಬಲ್ಲ ಕೆಲವು ನೊಣಗಳು ಉಳಿಯುತ್ತವೆ. ಕೆಲವೇ ಪೀಳಿಗೆಗಳಲ್ಲಿ ಹೊಲದ ತುಂಬ ಅವುಗಳದೇ ಸಂತತಿ.

ಇಮಿಡಾಕ್ಲೋಪ್ರಿಡ್, ಅಸಿಟಾಮಿಪ್ರಿಡ್, ಥಯಾಮೆಥಾಕ್ಸಾಮ್ ಮೂರೂ ಒಂದೇ ಗುಂಪಿಗೆ ಸೇರಿದವು. ಆದ್ದರಿಂದ ಡಬ್ಬಿಯ ಹೆಸರು ಬದಲಾದ ಮಾತ್ರಕ್ಕೆ ಔಷಧಿ ಬದಲಾಯಿತೆಂದು ತಿಳಿಯಲಾಗದು.

ಇದಕ್ಕೆ ಇತಿಹಾಸದ ಪಾಠಗಳಿವೆ. 1980ರ ದಶಕದ ಮಧ್ಯದಲ್ಲಿ ಆಂಧ್ರದ ಗುಂಟೂರು ಭಾಗದ ಹತ್ತಿಯಲ್ಲಿ ಪೈರೆಥ್ರಾಯ್ಡ್‌ಗಳ ಅತಿಬಳಕೆಯ ಬೆನ್ನಲ್ಲೇ ಬಿಳಿನೊಣ ಉಲ್ಬಣಿಸಿತು. 1999ರಲ್ಲಿ ಕೋಲಾರದ ಟೊಮೆಟೊ ಹೊಲಗಳಲ್ಲಿ ‘ಬಿ’ ಎಂಬ ಹೊಸ ಬಗೆಯ ಬಿಳಿನೊಣ ಭಾರತದಲ್ಲಿ ಮೊದಲ ಬಾರಿಗೆ ಪತ್ತೆಯಾಯಿತು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯವು ಎಲೆಮುಟುರು ರೋಗ ತಾಳುವ ನಂದಿ, ಸಂಕ್ರಾಂತಿ, ವೈಭವ್ ತಳಿಗಳನ್ನು ನೀಡಿತು. 2002ರಲ್ಲಿ ಬಂದ ಬಿಟಿ ಹತ್ತಿ ಕಾಯಿಕೊರಕಕ್ಕೆ ತಡೆಯೊಡ್ಡಿತಾದರೂ ರಸ ಹೀರುವ ಕೀಟಗಳ ಮೇಲೆ ಅದರ ಪ್ರಭಾವವಿಲ್ಲ. 2015ರಲ್ಲಿ ಪಂಜಾಬಿನ ಹತ್ತಿ ಬೆಳೆ ಬಿಳಿನೊಣದಿಂದ ಭಾರಿ ನಷ್ಟ ಕಂಡಿತು.

ಪರಿಹಾರದ ಮೊದಲ ಮೆಟ್ಟಿಲು ಔಷಧಿ ಅಂಗಡಿ. ರೈತರು ಹಿಂದಿನ ಬಾರಿ ಏನು ಸಿಂಪಡಿಸಿದರೆಂದು ಕೇಳಿ, ಬೇರೆ ಗುಂಪಿನ ಔಷಧಿ ಸೂಚಿಸುವುದು ಲೇಸು. ಹತ್ತಿಗೆ ಡಯಾಫೆಂಥಿಯುರಾನ್, ಪೈರಿಪ್ರಾಕ್ಸಿಫೆನ್‌ನಂಥವು ಬೇರೆ ಗುಂಪಿನವು. ತಂಬಾಕಿಗೆ ಮಂಡಳಿ ಶಿಫಾರಸು ಮಾಡಿದವನ್ನಷ್ಟೇ ಕೊಡಬೇಕು. ರಫ್ತು ಖರೀದಿದಾರರು ಎಲೆಯಲ್ಲಿನ ಔಷಧಿ ಶೇಷವನ್ನು ಪರೀಕ್ಷಿಸುತ್ತಾರೆ. ಸಸಿಮಡಿಗೆ ನೈಲಾನ್ ಪರದೆ, ಹೊಲಕ್ಕೆ ಹಳದಿ ಅಂಟು ಹಾಳೆ, ಬೇವಿನ ಕಷಾಯ ಇವು ಸಿಂಪಡಣೆಯ ಸಂಖ್ಯೆಯನ್ನೇ ತಗ್ಗಿಸುತ್ತವೆ. ಪರಿಕರ ಮಾರಾಟಗಾರರಿಗಾಗಿ ಹೈದರಾಬಾದಿನ ಮ್ಯಾನೇಜ್ ಸಂಸ್ಥೆ 2003ರಲ್ಲಿ ಆರಂಭಿಸಿದ ಒಂದು ವರ್ಷದ ಡಿಪ್ಲೊಮಾ ಈ ತಿಳಿವಳಿಕೆಗೆ ನೆರವಾಗುತ್ತದೆ.

ಒಂದು ಡಬ್ಬಿ ಹೆಚ್ಚು ಮಾರಿದ ಲಾಭ ಆ ದಿನದ್ದು. ಔಷಧಿಯೇ ನಿಷ್ಫಲವಾದರೆ ಬೆಳೆ ಸೋಲುತ್ತದೆ, ಸಾಲದ ಬಾಕಿ ನಿಲ್ಲುತ್ತದೆ. ಆ ನಷ್ಟದಲ್ಲಿ ವರ್ತಕರಿಗೂ ಪಾಲಿದೆ.