ಸೊಂಟದಲ್ಲಿ ಎಂಟು ನ್ಯೂಟನ್

ಅಮೆರಿಕದ ಟೆಕ್ಸಾಸ್‌ನಲ್ಲಿ ನೆಲೆಸಿರುವ ಓದುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಅವರ ಪಕ್ಕದ ಮನೆಯವರು ಅಂಗಿಯ ಮರೆಯಲ್ಲಿ ಪಿಸ್ತೂಲು ಸಿಕ್ಕಿಸಿಕೊಂಡೇ ಹೊರಗೆ ಹೋಗುವವರು. ಹೋಲ್‌ಸ್ಟರ್ (ಪಿಸ್ತೂಲಿನ ಒರೆ) ಮೇಲೆ ಹೋಲ್‌ಸ್ಟರ್ ಬದಲಾಯಿಸಿದರೂ ಬಲತೊಡೆಯ ಹೊರಮೈ ಜೋಮು ಹಿಡಿಯುವುದು ನಿಂತಿಲ್ಲವಂತೆ. ಅಂಗಡಿಯವನ ಸಲಹೆ: ಇದಕ್ಕಿಂತ ಹಗುರವಾದ ಪಿಸ್ತೂಲು ಕೊಳ್ಳಿ. ‘ತೂಕ ಇಳಿಸಿದರೆ ಜೋಮು ಹೋಗುತ್ತದೆಯೇ?’ ಎಂಬುದು ಪ್ರಶ್ನೆ.

ಹೋಗುವುದು ಅನುಮಾನ. ತೂಕದ ಮೇಲೆ ತಪ್ಪು ಹೊರಿಸಿದರೆ ಹೊಸ ಪಿಸ್ತೂಲು ಮಾರಬಹುದು, ಅಷ್ಟೇ.

ನಮ್ಮೂರಿನ ಓದುಗರಿಗೆ ಇದೆಲ್ಲ ಬೇರೆ ಲೋಕದ ಮಾತು. ಇಲ್ಲಿ ಲೈಸೆನ್ಸ್ ಇದ್ದವರೂ ಚುನಾವಣೆ ಬಂತೆಂದರೆ ಸಾಮಾನ್ಯವಾಗಿ ಕೋವಿಯನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆಯಬೇಕು. ಟೆಕ್ಸಾಸ್‌ನಲ್ಲಿ 2021ರ ಸೆಪ್ಟೆಂಬರ್ 1ರಿಂದ ಇಪ್ಪತ್ತೊಂದು ತುಂಬಿದ, ಕಾನೂನಿನ ಅಡ್ಡಿಯಿಲ್ಲದ ಬಹುತೇಕರು ಪರವಾನಗಿಯೇ ಇಲ್ಲದೆ ಪಿಸ್ತೂಲು ಒಯ್ಯಬಹುದು. ತಮಾಷೆಯೆಂದರೆ, ಅದೇ ದೇಶದ ಕೆಂಟಕಿ ಮತ್ತು ಲೂಸಿಯಾನಾ ರಾಜ್ಯಗಳು 1813ರಲ್ಲೇ ಆಯುಧ ಬಚ್ಚಿಟ್ಟು ಒಯ್ಯುವುದನ್ನು ನಿಷೇಧಿಸಿದ್ದವು. ಎದುರಿಗೆ ಕಾಣುವಂತೆ ಹಿಡಿದವನಿಗಿಂತ ಬಚ್ಚಿಟ್ಟುಕೊಂಡವನ ಮೇಲೆ ಆ ಕಾಲದ ಜನಕ್ಕೆ ಹೆಚ್ಚು ಗುಮಾನಿ. ಒಯ್ಯುವುದು ಸರಿಯೋ ತಪ್ಪೋ ಎಂಬ ಜಗಳ ಅಲ್ಲಿ ಇನ್ನೂರು ವರ್ಷಗಳಿಂದ ನಡೆದಿದೆ. ಅದನ್ನು ಅವರಿಗೇ ಬಿಟ್ಟು ನಾವು ಸೊಂಟಕ್ಕೆ ಬರೋಣ.

ಗ್ಲಾಕ್ 19 ಎಂಬುದು ಅಲ್ಲಿ ಬಹಳ ಬಳಕೆಯಲ್ಲಿರುವ ಮಧ್ಯಮ ಗಾತ್ರದ ಪಿಸ್ತೂಲು. ಹದಿನೈದು ಗುಂಡು ತುಂಬಿದ ಮ್ಯಾಗಜೀನ್ ಸೇರಿ ಅದರ ತೂಕ ಸುಮಾರು 855 ಗ್ರಾಂ. ಭೂಮಿ ಅದನ್ನು ಎಳೆಯುವ ಬಲ ಎಂಟು ನ್ಯೂಟನ್‌ಗಿಂತ ತುಸು ಹೆಚ್ಚು. ಸೊಂಟಕ್ಕೆ ಇದು ಭಾರವೇ ಅಲ್ಲ. ಬಾವಿಯಿಂದ ತುಂಬಿದ ಕೊಡ ತರುವ ಹೆಂಗಸನ್ನು ನೆನೆಸಿಕೊಳ್ಳಿ. ಹನ್ನೆರಡು ಲೀಟರ್ ನೀರೆಂದರೆ ಹನ್ನೆರಡು ಕಿಲೋ, ಕೊಡದ ತೂಕ ಬೇರೆ. ಇಂಥ ಹದಿನಾಲ್ಕು ಪಿಸ್ತೂಲಿಗಿಂತ ಹೆಚ್ಚು ಭಾರ. ಆದರೂ ಆಕೆ ಮಾತಾಡಿಕೊಂಡು ಏರು ಹತ್ತುತ್ತಾಳೆ.

ಆಕೆ ಮಾಡುತ್ತಿರುವುದು ಅಪ್ಪಟ ಯಂತ್ರಶಾಸ್ತ್ರ. ಕೊಡದ ತಳ ಕೂತಿರುವುದು ಸೊಂಟದ ಎಲುಬಿನ ಏಣಿನ ಮೇಲೆ. ಅದು ದೇಹದಲ್ಲೇ ಇರುವ ಗೂಡು. ಭಾರ ಸ್ನಾಯುವಿನ ಮೇಲೆ ಬೀಳದೆ ನೇರ ಎಲುಬಿಗೆ, ಅಲ್ಲಿಂದ ಕಾಲಿಗೆ ಇಳಿಯುತ್ತದೆ. ಆದರೆ ಕೊಡದ ಗುರುತ್ವಕೇಂದ್ರ ಆ ಗೂಡಿನಿಂದ ಒಂದು ಗೇಣು ಹೊರಗಿದೆ. ಬಿಟ್ಟರೆ ಕೊಡ ಹೊರಗೆ ಮಗುಚುತ್ತದೆ. ಅದಕ್ಕೇ ತೋಳು ಕೊಡದ ಕಂಠವನ್ನು ಬಳಸಿ ಒಳಕ್ಕೆ ಎಳೆದುಕೊಂಡಿರುವುದು. ತಳಕ್ಕೆ ಎಲುಬಿನ ಆನಿಕೆ, ಕಂಠಕ್ಕೆ ತೋಳಿನ ಎಳೆತ. ಈ ಎರಡು ಬಲಗಳ ನಡುವಿನ ಅಂತರ ಹೆಚ್ಚಿದ್ದಷ್ಟೂ ತೋಳಿಗೆ ಶ್ರಮ ಕಡಿಮೆ. ಮಿಕ್ಕ ವಾಲಾಟವನ್ನು ಆಕೆ ಮೈಯನ್ನು ಇನ್ನೊಂದು ಬದಿಗೆ ಬಾಗಿಸಿ ಸರಿದೂಗಿಸುತ್ತಾಳೆ. ಇನ್ನೊಂದು ವಿಷಯ: ಕೊಡದ ಹೊಟ್ಟೆ ದುಂಡಗಿದೆ. ಅಗಲವಾಗಿ ಒತ್ತುತ್ತದೆ, ಚುಚ್ಚುವುದಿಲ್ಲ.

ಪಿಸ್ತೂಲಿನದು ಎಲ್ಲವೂ ತಿರುವುಮುರುವು. ಪ್ಯಾಂಟಿನ ಒಳಗೆ ಬೆಲ್ಟಿನ ಹಿಂದೆ ಇಟ್ಟಾಗ ನಳಿಗೆ ಬೆಲ್ಟಿನ ಕೆಳಗೆ, ಹಿಡಿ ಮೇಲೆ. ಗುಂಡು ತುಂಬಿದ ಮ್ಯಾಗಜೀನ್ ಇರುವುದು ಹಿಡಿಯೊಳಗೇ. ಅಂದರೆ ಭಾರವಾದ ಭಾಗ ಬೆಲ್ಟಿನ ಮೇಲಿದ್ದು ಹೊರಕ್ಕೆ ವಾಲಲು ನೋಡುತ್ತಿರುತ್ತದೆ. ಹಿಡಿದುಕೊಳ್ಳಲು ತೋಳಿಲ್ಲ, ಕೆಳಗೆ ಗೂಡೂ ಇಲ್ಲ, ಬೆಲ್ಟೇ ಎಲ್ಲ. ಲೆಕ್ಕ ಹಾಕಿ ನೋಡಿ. ಪಿಸ್ತೂಲಿನ ಗುರುತ್ವಕೇಂದ್ರ ಆನಿಕೆಯಿಂದ ಮೂರು ಸೆಂಟಿಮೀಟರ್ ಹೊರಗಿದೆಯೆನ್ನಿ. 8.4 ನ್ಯೂಟನ್‌ನ್ನು 0.03 ಮೀಟರ್‌ನಿಂದ ಗುಣಿಸಿದರೆ ತಿರುಗಿಸುವ ಬಲ ಕಾಲು ನ್ಯೂಟನ್-ಮೀಟರ್. ಇದನ್ನು ತಡೆಯಲು ಬೆಲ್ಟಿನ ಮೇಲಂಚು ಒಳಕ್ಕೂ ಕೆಳಗಿನಿಂದ ಮೈ ಹೊರಕ್ಕೂ ಒತ್ತಬೇಕು. ಬೆಲ್ಟು ನಾಲ್ಕು ಸೆಂಟಿಮೀಟರ್ ಅಗಲವಿದ್ದರೆ ಆರು ನ್ಯೂಟನ್ ಸಾಕು. ಎರಡು ಸೆಂಟಿಮೀಟರಿನ ಬೆಲ್ಟಾದರೆ ಹನ್ನೆರಡು ಬೇಕು. ಮೆತ್ತಗಿನ ಬೆಲ್ಟು ತಾನೇ ತಿರುಚಿಕೊಳ್ಳುವುದರಿಂದ ಜನ ಇನ್ನೊಂದು ತೂತು ಬಿಗಿಯುತ್ತಾರೆ. ನೋವು ಶುರುವಾಗುವುದು ಆ ತೂತಿನಿಂದ. ಅಗಲವಾದ, ಗಡುಸಾದ ಬೆಲ್ಟನ್ನು ಅಷ್ಟು ಬಿಗಿಯಬೇಕಾಗಿಲ್ಲ. ಪಿಸ್ತೂಲಿಗೆ ಖರ್ಚು ಮಾಡಿ ಬೆಲ್ಟಿಗೆ ಜಿಪುಣತನ ಮಾಡುವವರ ಪಾಡು ಇದರಿಂದಲೇ ತಿಳಿಯುತ್ತದೆ.

ಒಳ್ಳೆಯ ಹೋಲ್‌ಸ್ಟರ್‌ಗಳಲ್ಲಿ ಟ್ರಿಗರ್ ಭಾಗದ ಪಕ್ಕಕ್ಕೆ ಒಂದು ಪುಟ್ಟ ಪ್ಲಾಸ್ಟಿಕ್ ಕೊಂಬು ಇರುತ್ತದೆ. ಬೆಲ್ಟು ಅದನ್ನು ಅದುಮಿದಾಗ ಹಿಡಿ ಮೈಕಡೆಗೆ ತಿರುಗುತ್ತದೆ. ನಳಿಗೆಯ ತುದಿಯ ಬಳಿ ಮೈಗೆ ತಾಗುವ ಕಡೆ ಒಂದು ಸ್ಪಂಜಿನ ತುಂಡು ಅಂಟಿಸುತ್ತಾರೆ. ಅದು ತುದಿಯನ್ನು ಹೊರಕ್ಕೆ ತಳ್ಳಿ, ಸನ್ನೆಕೋಲಿನ ಹಾಗೆ ಹಿಡಿಯನ್ನು ಒಳಕ್ಕೆ ವಾಲಿಸುತ್ತದೆ. ನೀರಿನ ಕೊಡದ ಕಂಠ ಬಳಸಿದ ತೋಳಿಗೆ ಬದಲಿಯಾಗಿ ಕೊಂಬು ಮತ್ತು ಸ್ಪಂಜು. ಅಂಗಿಯ ಮೇಲೆ ಪಿಸ್ತೂಲಿನ ಅಚ್ಚು ಮೂಡುವುದೂ ಇದರಿಂದ ತಪ್ಪುತ್ತದೆ.

ಹೋಲ್‌ಸ್ಟರೇ ಇಲ್ಲದಿದ್ದರೆ? ಅದಕ್ಕೊಂದು ಪ್ರಸಿದ್ಧ ಉದಾಹರಣೆಯಿದೆ. ನ್ಯೂಯಾರ್ಕ್ ಜೈಂಟ್ಸ್ ತಂಡದ ಫುಟ್‌ಬಾಲ್ ಆಟಗಾರ ಪ್ಲಾಕ್ಸಿಕೊ ಬರೆಸ್ 2008ರ ನವೆಂಬರ್ ಕೊನೆಯ ಒಂದು ರಾತ್ರಿ ಮ್ಯಾನ್‌ಹಟನ್ನಿನ ಕ್ಲಬ್ಬಿಗೆ ಗ್ಲಾಕ್ ಪಿಸ್ತೂಲನ್ನು ಸ್ವೆಟ್‌ಪ್ಯಾಂಟಿನ ಸೊಂಟಪಟ್ಟಿಗೆ ಸಿಕ್ಕಿಸಿಕೊಂಡು ಹೋಗಿದ್ದ. ಎಲಾಸ್ಟಿಕ್ಕಿನ ಬಿಗಿತ ಎಂಟು ನ್ಯೂಟನ್ನಿಗೆ ಸಾಕಾಗಲಿಲ್ಲ. ಪಿಸ್ತೂಲು ಕಾಲಿನತ್ತ ಜಾರಿತು, ಹಿಡಿಯಲು ಕೈ ಹಾಕಿದ, ಗುಂಡು ಅವನದೇ ತೊಡೆಗೆ ಹೊಕ್ಕಿತು. ಪರವಾನಗಿಯೂ ಇರಲಿಲ್ಲ, ಎರಡು ವರ್ಷ ಶಿಕ್ಷೆಯಾಯಿತು. ಟ್ರಿಗರ್‌ನ್ನು ಪೂರ್ತಿ ಮುಚ್ಚುವ ಗಡುಸು ಹೋಲ್‌ಸ್ಟರ್ ಹಿತಕ್ಕಿಂತ ಮೊದಲಿನ ಮಾತು. ಅದಿಲ್ಲದೆ ಉಳಿದ ಯಾವ ಚರ್ಚೆಗೂ ಅರ್ಥವಿಲ್ಲ.

ಈಗ ಚರ್ಮದ ಕಡೆ ನೋಡೋಣ. ಬಿಗಿದ ಪಟ್ಟಿ ಒಳಕ್ಕೆ ಹಾಕುವ ಒತ್ತಡವನ್ನು ಲೆಕ್ಕ ಹಾಕುವ ಸೂತ್ರ ಫ್ರಾನ್ಸಿನ ಲಾಪ್ಲಾಸ್ ಹೆಸರಿನಲ್ಲಿದೆ: ಬಿಗಿತವನ್ನು ಪಟ್ಟಿಯ ಅಗಲದಿಂದಲೂ ಬಾಗಿನ ತ್ರಿಜ್ಯದಿಂದಲೂ ಭಾಗಿಸಿ. ನಾಲ್ಕು ಸೆಂಟಿಮೀಟರಿನ ಬೆಲ್ಟನ್ನು ಮೂವತ್ತು ನ್ಯೂಟನ್ ಬಿಗಿದರೆ, ಹದಿನೈದು ಸೆಂಟಿಮೀಟರ್ ತ್ರಿಜ್ಯದ ಸೊಂಟದ ಮೇಲೆ ಒತ್ತಡ ಸುಮಾರು 38 ಮಿಲಿಮೀಟರ್ ಪಾದರಸ. ನಡುವೆ ಪಿಸ್ತೂಲು ತೂರಿಸಿದಿರೆನ್ನಿ. ದುಂಡಗಿದ್ದ ಸೊಂಟಕ್ಕೆ ಮೂಲೆಗಳು ಹುಟ್ಟಿದವು. ಒಂದೂವರೆ ಸೆಂಟಿಮೀಟರ್ ತ್ರಿಜ್ಯದ ಮೂಲೆಯಲ್ಲಿ ಅದೇ ಬೆಲ್ಟಿನ ಒತ್ತಡ ಹತ್ತು ಪಟ್ಟಾಗುತ್ತದೆ. ಬಟ್ಟೆ, ಕೊಬ್ಬು ಅದನ್ನು ಸ್ವಲ್ಪ ಹರಡುತ್ತವೆ, ನಿಜ. ಆದರೂ ಯುಜೀನ್ ಲ್ಯಾಂಡಿಸ್ 1930ರಲ್ಲಿ ಲೋಮನಾಳಗಳಿಗೆ ಸೂಕ್ಷ್ಮ ನಳಿಕೆ ಚುಚ್ಚಿ ಅಳೆದಾಗ ರಕ್ತ ಒಳಬರುವ ತುದಿಯಲ್ಲಿ ಸಿಕ್ಕ ಒತ್ತಡ ಬರೀ 32 ಮಿಲಿಮೀಟರಿನ ಸುಮಾರು. ಹೊರಗಿನ ಒತ್ತಡ ಅದನ್ನು ಮೀರಿದರೆ ರಕ್ತದ ಹರಿವಿಗೆ ಅಡ್ಡಿ. ಪಿಸ್ತೂಲು ಅರ್ಧ ತೂಕದ್ದಾದರೂ ಮೂಲೆ ಅಷ್ಟೇ ಚೂಪಾಗಿದ್ದರೆ, ಬೆಲ್ಟು ಅಷ್ಟೇ ಬಿಗಿಯಿದ್ದರೆ, ಆ ಜಾಗದ ಕಷ್ಟ ಹಾಗೇ ಉಳಿಯುತ್ತದೆ.

ಕೊಡಗಿನವರ ಉಡುಪು ನೋಡಿದವರಿಗೆ ಅಗಲವಾದ ಪಟ್ಟಿಯ ಲಾಭ ಬೇಗ ಹೊಳೆಯುತ್ತದೆ. ಕುಪ್ಯದ ಮೇಲೆ ಸುತ್ತುವ ರೇಷ್ಮೆಯ ಚೇಲೆ ಬೆಲ್ಟಿಗಿಂತ ಎಷ್ಟೋ ಅಗಲ, ಪದರ ಪದರ. ಪೀಚೆಕತ್ತಿಯನ್ನು ಅದರ ಮುಂಭಾಗಕ್ಕೆ ಸಿಕ್ಕಿಸುತ್ತಾರೆ. ಭಾರವಾದ ಒಡಿಕತ್ತಿಗೆ ಬೆನ್ನ ಹಿಂದೆ ಬೇರೆಯೇ ಲೋಹದ ಕೊಂಡಿ, ತೊಡಂಗ್. ಅವರದು ಎಲ್ಲರಿಗೂ ಕಾಣಲೆಂದೇ ಧರಿಸುವ ಆಯುಧವಾದ್ದರಿಂದ ಚರ್ಮಕ್ಕೆ ಅಂಟಿಸಿ ಬಚ್ಚಿಡುವ ತಾಪತ್ರಯವೂ ಇಲ್ಲ.

ಇನ್ನು ಜೋಮು. ಇದರ ಇತಿಹಾಸ ನನಗೆ ಬಲು ಇಷ್ಟ. ಬರ್ಲಿನ್ನಿನ ನರವೈದ್ಯ ಮಾರ್ಟಿನ್ ಬರ್ನ್‌ಹಾರ್ಟ್ 1878ರಲ್ಲಿ ತೊಡೆಯ ಹೊರಮೈ ಮರಗಟ್ಟುವ, ಉರಿಯುವ ಒಂದು ವಿಚಿತ್ರ ತೊಂದರೆಯನ್ನು ಗುರುತಿಸಿದ. 1895ರಲ್ಲಿ ಆತ ಅದನ್ನು ವಿವರವಾಗಿ ಬರೆದ ವರ್ಷವೇ ಮಾಸ್ಕೋದ ವ್ಲಾದಿಮಿರ್ ರೋತ್ ಅದಕ್ಕೆ ‘ಮೆರಾಲ್ಜಿಯಾ ಪ್ಯಾರೆಸ್ಥೆಟಿಕಾ’ ಎಂದು ಹೆಸರಿಟ್ಟ. ರೋತ್ ಇದನ್ನು ಕಂಡದ್ದು ಸೊಂಟಪಟ್ಟಿಯನ್ನು ಬಿಗಿಯಾಗಿ ಕಟ್ಟಿಕೊಳ್ಳುತ್ತಿದ್ದ ಕುದುರೆ ಸವಾರರಲ್ಲಿ! ಅದೇ ವರ್ಷ ವಿಯೆನ್ನಾದಲ್ಲಿ ಇನ್ನೊಬ್ಬ ವೈದ್ಯ ಈ ತೊಂದರೆ ತನಗೇ ಇದೆಯೆಂದು ಬರೆದ. ಆತ ಸಿಗ್ಮಂಡ್ ಫ್ರಾಯ್ಡ್. ಬ್ರಾಯರ್ ಜೊತೆ ಸೇರಿ ಹಿಸ್ಟೀರಿಯಾದ ಮೇಲೆ ಪುಸ್ತಕ ಹೊರತಂದದ್ದೂ ಆ ವರ್ಷವೇ. ಮನಸ್ಸಿನ ಆಳ ಕೆದಕುತ್ತಿದ್ದವನ ತೊಡೆಯಲ್ಲಿ ಒಂದು ನರ ಸುಮ್ಮನೆ ಸಿಕ್ಕಿಹಾಕಿಕೊಂಡಿತ್ತು.

ಆ ನರ ಬೆನ್ನಿನ ಕೆಳಭಾಗದಿಂದ ಹೊರಟು, ಸೊಂಟದ ಎಲುಬಿನ ಮುಂದಿನ ಮೊನೆಯ ಪಕ್ಕದಲ್ಲಿ, ತೊಡೆಸಂದಿನ ಬಿಗಿಯಾದ ತಂತುಪಟ್ಟಿಯ ಅಡಿ ನುಸುಳಿ ತೊಡೆಯ ಹೊರಚರ್ಮಕ್ಕೆ ಹೋಗುತ್ತದೆ. ಅದು ಬರೀ ಸ್ಪರ್ಶ ತಿಳಿಸುವ ನರ. ಸ್ನಾಯುಗಳನ್ನು ಆಡಿಸುವ ಕೆಲಸ ಅದಕ್ಕಿಲ್ಲ. ಹಾಗಾಗಿ ತೊಡೆ ಜೋಮು ಹಿಡಿಯುತ್ತದೆ, ಉರಿಯುತ್ತದೆ, ಆದರೆ ಕಾಲು ಸೋಲುವುದಿಲ್ಲ. ಗರ್ಭಿಣಿಯರಿಗೆ, ಹೊಟ್ಟೆ ದಪ್ಪವಿರುವವರಿಗೆ, ಬಿಗಿ ಜೀನ್ಸ್ ತೊಡುವವರಿಗೆ, ಸೊಂಟದಲ್ಲಿ ಸಾಮಾನು ನೇತುಹಾಕಿಕೊಳ್ಳುವ ಕಸುಬಿನವರಿಗೆ ಇದು ಬರುತ್ತದೆ. ಪಿಸ್ತೂಲನ್ನು ಸೊಂಟದ ಮುಂಭಾಗಕ್ಕೆ ಸಿಕ್ಕಿಸಿಕೊಂಡವರು ಕುರ್ಚಿಯಲ್ಲೋ ಕಾರಿನಲ್ಲೋ ಕೂತರೆ ತೊಡೆ ಮೇಲೆದ್ದು, ಹೊಟ್ಟೆ ಕೆಳಗಿಳಿದು, ನಳಿಗೆಯ ತುದಿ ಆ ಸಂದಿಗೇ ಒತ್ತಬಹುದು. ಓದುಗರ ನೆರೆಯವರು ಮೊದಲು ಮಾಡಬೇಕಾದ್ದು ಹೋಲ್‌ಸ್ಟರ್‌ನ್ನು ಎಲುಬಿನ ಮೊನೆಯಿಂದ ನಾಲ್ಕು ಬೆರಳು ಹಿಂದಕ್ಕೆ ಸರಿಸುವುದು, ಬೆಲ್ಟು ಒಂದು ತೂತು ಸಡಿಲಿಸುವುದು. ಕೆಲವು ವಾರ ಕಳೆದರೂ ಕಡಿಮೆಯಾಗದಿದ್ದರೆ, ಕಾಲಿನಲ್ಲಿ ಬಲವೇ ಕುಂದಿದಂತೆ ಕಂಡರೆ, ಅದು ನರವೈದ್ಯರ ಕೆಲಸ, ಅಂಗಡಿಯವನದಲ್ಲ.

ಬೇರೆ ಜಾಗಗಳೂ ಇವೆ. ಬೆನ್ನ ನಡುವೆ ಇಟ್ಟರೆ ಚೆನ್ನಾಗಿ ಮರೆಯಾಗುತ್ತದೆ, ಆದರೆ ಜಾರಿ ಬಿದ್ದರೆ ಬೆನ್ನೆಲುಬಿಗೂ ನೆಲಕ್ಕೂ ನಡುವೆ ಉಕ್ಕು. ಹಿಂಜೇಬಿನಲ್ಲಿ ದಪ್ಪ ಪರ್ಸಿಟ್ಟು ಕೂರುವವರಿಗೆ ಬರುವ ಸಯಾಟಿಕಾ ಬಗ್ಗೆ ಅಮೆರಿಕದ ವೈದ್ಯಪತ್ರಿಕೆಯೊಂದು 1978ರಲ್ಲೇ ಬರೆದಿತ್ತು. ಪಿಸ್ತೂಲು ಆ ಪರ್ಸಿಗಿಂತ ಬಹಳ ಗಡುಸು. ಕಂಕುಳ ಕೆಳಗಿನ ಹೋಲ್‌ಸ್ಟರ್ ಕೋಟು ತೊಡುವ ಚಳಿದೇಶದವರಿಗೆ ಸರಿ. ಸಿನಿಮಾದಲ್ಲಿ ಸೊಗಸಾಗಿ ಕಾಣುವ ಕಣಕಾಲಿನ ಹೋಲ್‌ಸ್ಟರ್‌ನ ಲೆಕ್ಕ ಮಾತ್ರ ಮಜವಾಗಿದೆ. ಸೂಲ್ ಮತ್ತು ಗೋಲ್ಡ್‌ಮನ್ 1969ರಲ್ಲಿ ತಲೆ, ಕೈ, ಪಾದಗಳಿಗೆ ಭಾರ ಕಟ್ಟಿ ನಡೆಸಿ ಶಕ್ತಿಯ ಖರ್ಚು ಅಳೆದರು. ಪಾದಕ್ಕೆ ಕಟ್ಟಿದ ಒಂದು ಕಿಲೋ, ನಮ್ಮದೇ ಮೈಯ ಒಂದು ಕಿಲೋಗಿಂತ ನಾಲ್ಕರಿಂದ ಆರು ಪಟ್ಟು ದುಬಾರಿ. ಕಾಲನ್ನು ಪ್ರತಿ ಹೆಜ್ಜೆಗೂ ಬೀಸಿ ನಿಲ್ಲಿಸಬೇಕಲ್ಲ. ತಲೆಯ ಮೇಲಿನದಕ್ಕೆ ಹೆಚ್ಚುವರಿ ಖರ್ಚು ಅತ್ಯಲ್ಪ. ಪಿಸ್ತೂಲನ್ನು ತಲೆಯ ಮೇಲೆ ಬಚ್ಚಿಡುವ ಉಪಾಯ ಮಾತ್ರ ಇನ್ನೂ ಯಾರೂ ಹೂಡಿಲ್ಲ.

ಯಾವುದು ಹಿತ ಎಂದು ಉಪಕರಣ ಹೇಳುವುದೂ ಮೈ ಹೇಳುವುದೂ ಒಂದೇ ಆಗಿರಬೇಕಿಲ್ಲ. ಸ್ವೀಡನ್ನಿನಲ್ಲಿ 21 ಪೊಲೀಸರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಸೊಂಟದ ಬೆಲ್ಟನ್ನೂ ಸಾಮಾನು ಹೊರುವ ಜಾಕೆಟ್ಟನ್ನೂ ಹೋಲಿಸಿತು. ಜಾಕೆಟ್ಟೇ ಮುಂಡ, ಸೊಂಟಗಳ ಚಲನೆಯನ್ನು ಹೆಚ್ಚು ಕಟ್ಟಿಹಾಕಿತ್ತು. ಆದರೆ ಪೊಲೀಸರು ಮೆಚ್ಚಿದ್ದೂ ಅದನ್ನೇ! ಕೆಲವು ತಿಂಗಳು ತೊಟ್ಟ ಮೇಲೆ ನಡಿಗೆಯ ವ್ಯತ್ಯಾಸವೂ ಕಡಿಮೆಯಾಗತೊಡಗಿತು. ಸಂಶೋಧಕರು ಎರಡರಲ್ಲಿ ಯಾವುದನ್ನೂ ಶಿಫಾರಸು ಮಾಡಲಿಲ್ಲ. ಐದು ನಕ್ಷತ್ರ ಕೊಟ್ಟು ಹೋಲ್‌ಸ್ಟರ್ ಹೊಗಳುವವರಿಗೆ ಇಷ್ಟು ಸಂಕೋಚವಿದ್ದರೆ ಚೆನ್ನಾಗಿತ್ತು.

ಮೈ ಒಗ್ಗುವ ಇನ್ನೊಂದು ಬಗೆಯನ್ನು ನರದ ಮಟ್ಟದಲ್ಲಿ ಹಿಡಿದು ತೋರಿಸಿದವರು ಕೇಂಬ್ರಿಜ್‌ನ ಎಡ್ಗರ್ ಏಡ್ರಿಯನ್ ಮತ್ತು ಇಂಗ್ವೆ ಜೊಟ್ಟರ್‌ಮನ್. 1926ರಲ್ಲಿ ಅವರು ಕಪ್ಪೆಯ ಪುಟ್ಟ ಸ್ನಾಯುವಿಗೆ ತೂಕ ತೂಗುಹಾಕಿ, ಅದರ ನರದ ಮಿಡಿತಗಳನ್ನು ದಾಖಲಿಸಿದರು. ತೂಕ ಹಾಕಿದ ಕ್ಷಣ ಮಿಡಿತ ಬಿರುಸು. ತೂಕ ಹಾಗೇ ಇದ್ದರೂ ಹೊತ್ತು ಕಳೆದಂತೆ ಮಿಡಿತ ವಿರಳ. ಏಡ್ರಿಯನ್‌ಗೆ 1932ರಲ್ಲಿ ನೊಬೆಲ್ ಬಂತು. ಚರ್ಮದ ಸ್ಪರ್ಶಗ್ರಾಹಿಗಳೂ ಹೀಗೇ, ಬದಲಾವಣೆಯನ್ನು ಸಾರುತ್ತವೆ, ಬದಲಾಗದ್ದನ್ನು ಕೈಬಿಡುತ್ತವೆ. ನೋವಿನ ನರಗಳು ಮಾತ್ರ ಅಷ್ಟು ಸುಲಭವಾಗಿ ಸುಮ್ಮನಾಗುವುದಿಲ್ಲ. ಅಗಲವಾಗಿ ಒತ್ತುವ ಹೋಲ್‌ಸ್ಟರ್ ಅರ್ಧ ಗಂಟೆಯಲ್ಲಿ ಮನಸ್ಸಿನಿಂದ ಮಾಯವಾಗಿ, ಚುಚ್ಚುವ ಮೂಲೆ ಸಂಜೆಯವರೆಗೂ ಕಾಡುವುದು ಇದರಿಂದ.

‘ತೊಟ್ಟಿದ್ದೇ ನೆನಪಿರುವುದಿಲ್ಲ’ ಎಂದು ಜಾಹೀರಾತುಗಳು ಹೆಮ್ಮೆಯಿಂದ ಹೇಳುವುದು ಈ ಗುಣವನ್ನೇ. ಗುಂಡು ತುಂಬಿದ ಪಿಸ್ತೂಲಿನ ಮಟ್ಟಿಗೆ ಇದು ಹೊಗಳಿಕೆಯೋ ಬೈಗುಳವೋ ನನಗಂತೂ ಗೊತ್ತಾಗುವುದಿಲ್ಲ. ಬ್ಯಾಗಿನಲ್ಲಿಟ್ಟು ಒಯ್ಯುವವರಿಗಂತೂ ಚರ್ಮದಿಂದ ಒಂದು ಮಿಡಿತವೂ ಬರುವುದಿಲ್ಲ. ಅಮೆರಿಕದ ವಿಮಾನ ನಿಲ್ದಾಣಗಳ ತಪಾಸಣೆಯಲ್ಲಿ 2023ರ ಒಂದೇ ವರ್ಷ 6,737 ಬಂದೂಕು, ಪಿಸ್ತೂಲುಗಳು ಸಿಕ್ಕವು. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಗುಂಡು ತುಂಬಿದ್ದವು. ಅಟ್ಲಾಂಟಾ ನಿಲ್ದಾಣ ಎಲ್ಲಕ್ಕಿಂತ ಮುಂದಿತ್ತು. ಸಿಕ್ಕಿಬಿದ್ದವರು ಮತ್ತೆ ಮತ್ತೆ ಹೇಳುವ ಕಾರಣ, ಬ್ಯಾಗಿನಲ್ಲಿ ಇತ್ತೆಂಬುದೇ ಮರೆತುಹೋಗಿತ್ತು ಎಂಬುದು. ಆ ವರ್ಷ ದಂಡ ಹದಿನೈದು ಸಾವಿರ ಡಾಲರಿನ ಹತ್ತಿರದವರೆಗೂ ಹೋಗಬಹುದಿತ್ತು.